ಹಲ್ಲಿಗೇನು ಅವಸರ

ಪ್ರೀತಿಯ ಅಪ್ಪನಿಗೆ,

ಜ್ವರ ಬಿಟ್ಟಿತಾ? ನೀನು ಬೇರೆ ಮನೆ ಮಾಡಿದ ಮೇಲೆ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯುವುದು ನಿನ್ನ ಪಾಲಿನ ಕೆಲಸವಲ್ಲವೇ? ನಿನಗೆ ಜ್ವರ ಅಂತ ಈ ತಿಂಗಳು ಅಮ್ಮನೇ ರಜೆ ಹಾಕಿ ಬಂದಿದ್ದಳು.

ಡಾಕ್ಟರು ಕ್ಲಿಪ್ಪಿನ ತಂತಿ ಬಿಗಿ ಮಾಡುತ್ತಾ ಹೊಸ ವಿಷಯ ತೆಗೆದರು. ವಸಡು ಬಿಡಿಸಿ, ಹಲ್ಲಿನ ಬೇರಿನ ಪಕ್ಕದ ಮೂಳೆಗೆ ಸಣ್ಣ ಸಣ್ಣ ಗೀರು ಹಾಕಿದರೆ, ಮೂಳೆ ಸ್ವಲ್ಪ ಕಾಲ ಮೆತ್ತಗಾಗಿ ಹಲ್ಲು ಬೇಗ ಸರಿಯುತ್ತದಂತೆ. ಎರಡು ವರ್ಷದ ಕೆಲಸ ಅರ್ಧಕ್ಕೆ ಇಳಿಯುತ್ತದಂತೆ.

"ಒಳ್ಳೇದೇ ಆಯ್ತು. ನಿಮ್ಮಪ್ಪನಿಗೂ ತಿಂಗಳು ತಿಂಗಳು ಇಲ್ಲಿಗೆ ಬರೋ ತಾಪತ್ರಯ ತಪ್ಪತ್ತೆ" ಅಂದಳು ಅಮ್ಮ.

ನನಗೆ ಭಯ ಅಂತ ಗೊಳೋ ಎಂದು ಅತ್ತುಬಿಟ್ಟೆ. ಇಬ್ಬರೂ ನಂಬಿದರು. ಹೋದ ವರ್ಷ ಬಿದ್ದು ಗದ್ದ ಒಡೆದುಕೊಂಡಾಗ, ಹೊಲಿಗೆ ಹಾಕುವಾಗ ನಾನು ಕಮಕ್ ಕಿಮಕ್ ಅನ್ನದೆ ಕೂತಿದ್ದನ್ನು ನೋಡಿದವನು ನೀನೊಬ್ಬನೇ. ದಯವಿಟ್ಟು ಅದನ್ನು ಯಾರಿಗೂ ಹೇಳಬೇಡ.

ಮುಂದಿನ ತಿಂಗಳು ತಪ್ಪಿಸಬೇಡ. ತಂತಿ ಬಿಗಿ ಮಾಡಿದ ದಿನ ಅಗಿಯಲು ಆಗುವುದಿಲ್ಲ, ಎದುರಿನ ಅಂಗಡಿಯ ಐಸ್‌ಕ್ರೀಮನ್ನೇ ತಿನ್ನೋಣ. ನಿನ್ನ ಬಸ್ಸು ಹೊರಡುವವರೆಗೂ ನಿಧಾನವಾಗಿ ತಿನ್ನೋಣ.

ಡಾಕ್ಟರು ನಿನಗೂ ಫೋನ್ ಮಾಡುತ್ತಾರೆ. ಆಪರೇಷನ್ ಮಾಡೋಣವಾ ಎಂದು ಕೇಳಿದರೆ, ನಿನಗೂ ಭಯ ಅಂತ ಹೇಳು.

ಬಾಯ್ತುಂಬ ತಂತಿಯೊಂದಿಗೆ,
ನಿನ್ನ ಕ್ಲಿಪ್ಪಮ್ಮ