ಚಪಾತಿ ಪಲ್ಯದ ಮಾತಿಗೆ ರದ್ದಾದ ಪ್ರತಿನಿಧಿಗಳು

ನಮ್ಮ ಕೌಂಟಿಯ ಮಾನ್ಯ ಪಕ್ಷಾಧ್ಯಕ್ಷರೇ,

ಮತಗಟ್ಟೆಯ ಸಭೆ ಆರಿಸಿ ಕಳಿಸಿದ ಮೂವರು ಪ್ರತಿನಿಧಿಗಳನ್ನು ನೀವು ಸಮಾವೇಶದಿಂದ ಎಬ್ಬಿಸಿ ಹೊರಗೆ ಕಳಿಸಿದಿರಿ. ಅವರಲ್ಲಿ ನಾನೂ ಒಬ್ಬ. ನಾವು ಮಾಡಿದ ಅಪರಾಧವೆಂದರೆ, ದಾರಿಗೆ ಉಪ್ಪಿಟ್ಟು ಕಟ್ಟಿಕೊಳ್ಳುವುದೋ ಚಪಾತಿ ಪಲ್ಯವೋ ಎಂದು ಕನ್ನಡದಲ್ಲಿ ಮಾತಾಡಿಕೊಂಡದ್ದು. ಇದನ್ನೇ ಇಂಗ್ಲಿಷಿನಲ್ಲಿ ಬರೆದು ನಿಮ್ಮ ಕಚೇರಿಗೆ ಕಳಿಸಿದ್ದೆ, ಉತ್ತರ ಬರಲಿಲ್ಲ. ಹಾಗಾಗಿ ಯಾವ ಭಾಷೆಯಲ್ಲಿ ಪಿತೂರಿ ನಡೆಸಿದೆವೆಂದು ನೀವು ನಂಬಿದ್ದೀರೋ ಅದೇ ಭಾಷೆಯಲ್ಲಿ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ.

ಪ್ರತಿನಿಧಿಯಾಗುವುದು ಹೇಗೆಂದು ನಮಗೆ ಹೇಳಿಕೊಟ್ಟವರು ನೀವೇ. ಕಳೆದ ರಾಜ್ಯೋತ್ಸವಕ್ಕೆ ಬಂದಿರಿ, ನಾವು ಹೊದಿಸಿದ ಶಾಲನ್ನು ಹೊದ್ದಿರಿ, ಮಕ್ಕಳ ನಾಡಗೀತೆ ಕೇಳಿ “ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಕಣ್ಣು ತುಂಬಿತು” ಎಂದಿರಿ. ಆಮೇಲೆ ನಮಗೆ ಪಾಠ ಮಾಡಿದಿರಿ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಮತ ಹಾಕಿದ ಯಾರೇ ಆಗಲಿ ತಮ್ಮ ಮತಗಟ್ಟೆಯ ಸಭೆಗೆ ಬರಬಹುದು. ಅಲ್ಲಿ ಸೇರಿದವರು ತಮ್ಮೊಳಗಿಂದಲೇ ಕೆಲವರನ್ನು ಕೌಂಟಿಯ, ಅಂದರೆ ಜಿಲ್ಲೆಯ ಮಟ್ಟದ, ಸಮಾವೇಶಕ್ಕೆ ಆರಿಸುತ್ತಾರೆ, ಕೌಂಟಿಯವರು ರಾಜ್ಯ ಸಮಾವೇಶಕ್ಕೆ ಆರಿಸುತ್ತಾರೆ. ಸಾಮಾನ್ಯ ಮತದಾರ ತನ್ನ ಮನಸ್ಸಿನಲ್ಲಿರುವುದನ್ನು ಒಂದು ಠರಾವಾಗಿ ಕೈಯಲ್ಲಿ ಹಿಡಿದು ಹೂಸ್ಟನ್‌ನ ರಾಜ್ಯ ಸಮಾವೇಶದವರೆಗೆ ಹೋಗಬಹುದು. “ಯಾರ ಶಿಫಾರಸೂ ಬೇಡ, ಬಂದು ಕುಳಿತರೆ ಸಾಕು. ಖಾಲಿ ಕುರ್ಚಿಗಳು ನಿಮಗಾಗಿ ಕಾಯುತ್ತಿವೆ” ಎಂದಿರಿ. ನಾವು ಚಪ್ಪಾಳೆ ತಟ್ಟಿದೆವು. ನಂಬಿದೆವು ಕೂಡ.

ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಲಕ್ಷ್ಮೀನಾರಾಯಣ ಅಂಕಲ್. ಮೈಸೂರಿನಲ್ಲಿ ಗಣಿತ ಕಲಿಸುತ್ತಿದ್ದವರು, ನಿವೃತ್ತರಾದ ಮೇಲೆ ಸೀಡರ್ ಪಾರ್ಕಿನ ನಮ್ಮ ಬಡಾವಣೆಯಲ್ಲಿ ಮಗಳ ಜೊತೆ ಇದ್ದಾರೆ, ಈ ದೇಶದ ಪೌರರಾಗಿದ್ದಾರೆ. ಅವರ ಹೆಂಡತಿ ಹೊನ್ನಮ್ಮನವರ ಶ್ವಾಸಕೋಶ ಸೋತು, ಮನೆಯಲ್ಲೇ ಆಮ್ಲಜನಕದ ಯಂತ್ರ ಹಚ್ಚಿದ್ದರು. ಎರಡು ಸಾವಿರದ ಇಪ್ಪತ್ತೊಂದರ ಆ ಹಿಮದ ವಾರದಲ್ಲಿ ವಿದ್ಯುತ್ ಸಾಲದೆ ಬೀದಿ ಬೀದಿಗೆ ಕರೆಂಟ್ ತೆಗೆದರು, ಯಂತ್ರ ನಿಂತಿತು. ಮೀಸಲಿಟ್ಟಿದ್ದ ಸಿಲಿಂಡರ್ ಮುಗಿಯುವ ಹೊತ್ತಿಗೂ ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ. ಆಂಬುಲೆನ್ಸ್ ಬಂದದ್ದು ಆಂಟಿ ಹೋದ ಮೇಲೆ. ಅಂಕಲ್ ಯಾರನ್ನೂ ಬೈಯಲಿಲ್ಲ. ಉಸಿರಿಗೆ ಯಂತ್ರವನ್ನು ನೆಚ್ಚಿದವರ ಬೀದಿಗೆ ಕರೆಂಟ್ ತೆಗೆಯುವ ಮೊದಲು ತಿಳಿಸಬೇಕು, ಹತ್ತಿರದಲ್ಲೊಂದು ಬೆಚ್ಚನೆಯ ಜಾಗ ತೆರೆದಿಡಬೇಕು. ಇಷ್ಟನ್ನು ಪಕ್ಷದ ಧ್ಯೇಯಪತ್ರದಲ್ಲಿ ಸೇರಿಸಬೇಕೆನ್ನುವುದು ಅವರ ಠರಾವು. ಇದಕ್ಕಾಗಿ ಅವರು ಪ್ರತಿನಿಧಿಯಾಗಲು ಹೊರಟರು, ಅವರಿಗಾಗಿ ನಾನೂ ನಮ್ಮ ಪಕ್ಕದ ಮನೆಯ ಅನುಸೂಯಾ ಅವರೂ ಹೊರಟೆವು.

ಮತಗಟ್ಟೆಯ ಸಭೆ ನಡೆದದ್ದು ಶಾಲೆಯೊಂದರ ಗ್ರಂಥಾಲಯದಲ್ಲಿ. ಬಂದವರು ನಾವು ಮೂವರು, ಸಭೆ ನಡೆಸಿದ ಮತಗಟ್ಟೆಯ ಮುಖ್ಯಸ್ಥರು, ಮತ್ತು ತಡವಾಗಿ ಬಂದು ಹಿಂದೆ ಕುಳಿತ ಒಬ್ಬ ಗಂಡ, ಹೆಂಡತಿ. ನಮ್ಮ ಪಾಲಿಗೆ ಇದ್ದದ್ದು ನಾಲ್ಕು ಸ್ಥಾನ. ಸಭೆ ಪೂರಾ ಇಂಗ್ಲಿಷಿನಲ್ಲೇ ನಡೆಯಿತು, ಠರಾವನ್ನು ಇಂಗ್ಲಿಷಿನಲ್ಲೇ ಓದಿದೆವು, ಕೈ ಎತ್ತಿದೆವು. ಮುಖ್ಯಸ್ಥರೂ ನಾವು ಮೂವರೂ ಆರಿಸಿ ಬಂದೆವು; ಆ ದಂಪತಿ ಬದಲಿ ಪ್ರತಿನಿಧಿಗಳಾದರು. ಮುಖ್ಯಸ್ಥರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ನಾವು ನಮ್ಮ ನಮ್ಮಲ್ಲಿ ಮಾತಿಗಿಳಿದೆವು. ಆ ಹೆಂಗಸು ಫೋನ್ ಎತ್ತಿ ಹಿಡಿದದ್ದನ್ನು ನಾನು ನೋಡಿದೆ. ನೆನಪಿಗೊಂದು ಚಿತ್ರ ತೆಗೆಯುತ್ತಿದ್ದಾರೆಂದು ಅವರ ಕಡೆ ನಕ್ಕೆ ಕೂಡ.

ಕೌಂಟಿ ಸಮಾವೇಶಕ್ಕೆ ಹೋಗುವ ದಿನದ ಬಗ್ಗೆ ಆಗ ನಾವು ಆಡಿದ್ದಿಷ್ಟು. ಅನುಸೂಯಾ, “ಅಂಕಲ್, ಬೆಳಗ್ಗೆ ಬೇಗ ಹೊರಡ್ಬೇಕು, ನಾನೇ ಡ್ರೈವ್ ಮಾಡ್ತೀನಿ” ಅಂದರು. ಅಂಕಲ್, “ಅಲ್ಲಿ ಊಟಕ್ಕೇನಿರುತ್ತೋ ಏನೋಮ್ಮ, ಉಪ್ಪಿಟ್ಟು ಕಟ್ಕೊಂಡು ಹೋಗೋಣ್ವಾ?” ಅಂದರು. ನಾನು ಧಾರವಾಡದವನು, “ಉಪ್ಪಿಟ್ಟು ಬ್ಯಾಡ್ರಿ ಸರ್, ನಮ್ಮ ಮನ್ಯಾಗ ಚಪಾತಿ ಪಲ್ಯಾ ಮಾಡ್ತಾರ, ಎಲ್ಲಾರ್ಗೂ ಸಾಕಾಗ್ತದ” ಅಂದೆ. ಮೂವರೂ ನಕ್ಕೆವು.

ವಾರ ಕಳೆಯುವುದರೊಳಗೆ ಆ ವಿಡಿಯೋ ಊರೆಲ್ಲ ಓಡಾಡತೊಡಗಿತು. ಅದರ ಅಡಿಯಲ್ಲಿ, ನಮ್ಮ ಮಾತಿನ ಅನುವಾದವೆಂಬಂತೆ, ಇಂಗ್ಲಿಷ್ ಸಾಲುಗಳಿದ್ದವು. ಅನುಸೂಯಾ ಅವರ ಮುಖದ ಕೆಳಗೆ “ಇನ್ನು ಚುಕ್ಕಾಣಿ ನನ್ನ ಕೈಯಲ್ಲಿ” ಎಂದಿತ್ತು. ಅಂಕಲ್ ಕೆಳಗೆ “ಅವರಿಗೆ ಗೊತ್ತಾಗುವ ಮೊದಲೇ ಕೆಲಸ ಮುಗಿಸೋಣ” ಎಂದಿತ್ತು. ನನ್ನ ಕೆಳಗೆ “ಇವರನ್ನೆಲ್ಲ ಹೊರಗಟ್ಟಲು ನಮ್ಮವರಷ್ಟೇ ಸಾಕು” ಎಂದಿತ್ತು. ಕೊನೆಯಲ್ಲಿ ನಮ್ಮ ಮೂವರ ನಗು. ಆ ಸಾಲುಗಳನ್ನು ಓದಿ ಆ ನಗುವನ್ನು ಕೇಳಿದರೆ, ಮಾನ್ಯರೇ, ನನಗೇ ನನ್ನ ಮೇಲೆ ಭಯವಾಗುತ್ತದೆ.

ಕೌಂಟಿ ಸಮಾವೇಶದ ಬೆಳಿಗ್ಗೆ ಅರ್ಹತಾ ಸಮಿತಿ ನಮ್ಮನ್ನು ಕರೆಯಿತು. ಅಧ್ಯಕ್ಷತೆ ನಿಮ್ಮದೇ. “ಸಭೆ ವಿದೇಶಿ ಭಾಷೆಯಲ್ಲಿ ನಡೆದಿದೆ, ಸಂಚು ನಡೆದಿದೆ” ಎನ್ನುವುದು ದಂಪತಿಯ ದೂರು. ನಮ್ಮ ಮತಗಟ್ಟೆಯ ಮುಖ್ಯಸ್ಥರು ಎದ್ದು ನಿಂತರು. ಬಿಳಿಯ ಗಡ್ಡದ, ಮೆಲುಮಾತಿನ ಮನುಷ್ಯ. “ಸಭೆ ನಡೆಸಿದವನು ನಾನು. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯಿತು. ಇವರು ಆಮೇಲೆ ತಮ್ಮ ಪಾಡಿಗೆ ಮಾತಾಡಿಕೊಂಡರು” ಎಂದರು.

“ಏನು ಮಾತಾಡಿದರೆಂದು ನಿಮಗೆ ಅರ್ಥವಾಯಿತೇ?” ಎಂದು ನೀವು ಕೇಳಿದಿರಿ.

“ಇಲ್ಲ.”

“ಹಾಗಾದರೆ ಸಂಚಲ್ಲವೆಂದು ಹೇಗೆ ಹೇಳುತ್ತೀರಿ?”

ಅವರು ನಮ್ಮ ಕಡೆ ಒಮ್ಮೆ ನೋಡಿ ಕುಳಿತುಕೊಂಡರು. ನಾನೇ ಅನುವಾದಿಸಿ ಹೇಳುತ್ತೇನೆಂದೆ. ಆರೋಪಿ ಸಾಕ್ಷಿಯಾಗಲಾರ ಎಂದಿರಿ. ಆಸ್ಟಿನ್‌ನಲ್ಲಿ ಭಾಷಾಶಾಸ್ತ್ರ ಓದುತ್ತಿರುವ ಸಂಹಿತಾ ಎಂಬ ವಿದ್ಯಾರ್ಥಿನಿಯನ್ನು ಕರೆತಂದಿದ್ದೆವು. ಆಕೆಗೆ ನಮ್ಮ ಮೂವರಲ್ಲಿ ಯಾರ ಪರಿಚಯವೂ ಇರಲಿಲ್ಲ, ಕರೆದದ್ದಕ್ಕೆ ಬಂದಿದ್ದಳು. “ನಿನಗೆ ಈ ಭಾಷೆ ಹೇಗೆ ಗೊತ್ತು?” ಎಂದು ನಿಮ್ಮ ಸಮಿತಿಯ ಸದಸ್ಯರೊಬ್ಬರು ಕೇಳಿದರು. “ನನ್ನ ತಾಯ್ನುಡಿ” ಎಂದಳು. “ಅಂದರೆ ನೀನೂ ಇವರವಳೇ” ಎಂದರು ಅವರು. ಅಲ್ಲಿಗೆ ಆಕೆಯ ಸಾಕ್ಷ್ಯ ಮುಗಿಯಿತು. ಅನುಸೂಯಾ ಫೋನಿನ ಅನುವಾದಕ್ಕೆ ವಿಡಿಯೋ ಕೇಳಿಸಿದರು. ಯಂತ್ರಕ್ಕೆ ನನ್ನ ಧಾರವಾಡದ ಮಾತು ತಲೆಬುಡ ತಿಳಿಯಲಿಲ್ಲ, ಆದರೂ ‘ಚಪಾತಿ’ ಎಂಬುದೊಂದನ್ನು ಸರಿಯಾಗಿ ಹಿಡಿಯಿತು. “ಅದು ಗುಪ್ತಸಂಕೇತವಿರಬಹುದು” ಎಂದು ಯಾರೋ ಅಂದರು. ಯಾರೂ ನಗಲಿಲ್ಲ.

ಯೋಚಿಸಿ ನೋಡಿ. ಕನ್ನಡ ಬಾರದವರು ನಮ್ಮ ಪರ ಹೇಳುವಂತಿಲ್ಲ, ಏಕೆಂದರೆ ಅವರಿಗೆ ಅರ್ಥವಾಗುವುದಿಲ್ಲ. ಕನ್ನಡ ಬಲ್ಲವರು ಹೇಳುವಂತಿಲ್ಲ, ಏಕೆಂದರೆ ಅವರಿಗೆ ಅರ್ಥವಾಗುತ್ತದೆ. ಹಾಗಿದ್ದಮೇಲೆ ಈ ಭೂಮಿಯ ಮೇಲೆ ನಮ್ಮನ್ನು ನಿರಪರಾಧಿಗಳೆಂದು ಹೇಳಬಲ್ಲವರು ಯಾರು? ಆ ಸುಳ್ಳು ಸಾಲುಗಳನ್ನು ಬರೆದವರಿಗೆ ಕನ್ನಡ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲವಲ್ಲ, ಏಕೆ? ರಾಜ್ಯೋತ್ಸವದಲ್ಲಿ ಅರ್ಥವಾಗದೆಯೂ ನಿಮ್ಮ ಕಣ್ಣು ತುಂಬಿಸಿದ ಭಾಷೆ ಗ್ರಂಥಾಲಯಕ್ಕೆ ಬರುವ ಹೊತ್ತಿಗೆ ಅರ್ಥವಾಗದ್ದಕ್ಕೇ ಅಪಾಯಕಾರಿಯಾದದ್ದು ಹೇಗೆ? ಅಲ್ಲಿ ನಾವು ಹಾಡುತ್ತಿದ್ದೆವು, ಇಲ್ಲಿ ಮತ ಹಾಕುತ್ತಿದ್ದೆವು. ವ್ಯತ್ಯಾಸ ಅಷ್ಟೇ ತಾನೆ?

ನಮ್ಮನ್ನು ತೆಗೆಯಬೇಕೆಂಬ ಸಮಿತಿಯ ಶಿಫಾರಸನ್ನು ಇಡೀ ಸಮಾವೇಶದ ಮುಂದಿಟ್ಟು, “ಹೌದು” ಎನ್ನುವವರು ಹೇಳಿ ಎಂದಿರಿ. ಸಭೆ ಕೂಗಿತು. “ಅಲ್ಲ” ಎನ್ನುವವರು ಹೇಳಿ ಎಂದಿರಿ. ಒಂದಷ್ಟು ದನಿಗಳು ಬಂದವು. ನಮ್ಮ ಮುಖ್ಯಸ್ಥರದು ಎಲ್ಲಕ್ಕಿಂತ ಜೋರಾಗಿತ್ತು. ನಿಮ್ಮ ಸುತ್ತಿಗೆ ಬಿತ್ತು. ನಮ್ಮ ಕೊರಳಿನ ಗುರುತುಪಟ್ಟಿಗಳನ್ನು ತೆಗೆಸಿದಿರಿ, ದೂರು ಕೊಟ್ಟ ದಂಪತಿ ನಮ್ಮ ಕುರ್ಚಿಗಳಲ್ಲಿ ಕುಳಿತರು. ಮತಗಟ್ಟೆಯ ಸಭೆಯೇ ವಿವಾದಿತವೆಂದು ಅಂಕಲ್ ಅವರ ಠರಾವನ್ನೂ ಬದಿಗಿಟ್ಟಿರಿ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು, “ನಡೀರಿ, ಹೋಗೋಣ” ಎಂದರು.

ಅಷ್ಟಕ್ಕೆ ಮುಗಿದಿದ್ದರೆ ಈ ಪತ್ರ ಬೇಕಿರಲಿಲ್ಲ. ಅಂಕಲ್ ಮನೆಯ ಮುಂದೆ ಒಂದು ಕಾರು ಬಂದು ಎಂಜಿನ್ ಆರಿಸದೆ ನಿಲ್ಲುತ್ತದೆ, ಪರದೆ ಸರಿಸಿದರೆ ಹೊರಟುಹೋಗುತ್ತದೆ. ಅವರ ಬಾಗಿಲಿಗೆ ಯಾರೋ ವಿಡಿಯೋದಲ್ಲಿ ಅವರ ಕೆಳಗಿದ್ದ ಸುಳ್ಳು ಸಾಲನ್ನು ದಪ್ಪಕ್ಷರದಲ್ಲಿ ಅಂಟಿಸಿ ಹೋದರು. ಡಲ್ಲಾಸ್‌ನಿಂದ ಗೆಳೆಯ ಬಸವರಾಜ್ ಫೋನ್ ಮಾಡಿ, “ನಿಮ್ಮ ವಿಡಿಯೋ ನಮ್ಮ ಬಡಾವಣಿ ಗ್ರೂಪಿಗೂ ಬಂದದಪಾ. ನಾನೂ ಮುಂದಿನ ಸಲ ಡೆಲಿಗೇಟ್ ಆಗಬೇಕಂತಿದ್ದೆ. ಬ್ಯಾಡ ಅಂತಾಳ ಮನ್ಯಾಗ” ಎಂದ. ಸ್ಟಾಫರ್ಡ್‌ನ ಕಿರಾಣಿ ಅಂಗಡಿಯಲ್ಲಿ ಇಬ್ಬರು ಹೆಂಗಸರು ಸೊಪ್ಪು ಆರಿಸುತ್ತ ಕನ್ನಡದಲ್ಲಿ ಹರಟುತ್ತಿದ್ದರೆ ಅಪರಿಚಿತನೊಬ್ಬ ಅವರತ್ತ ಫೋನ್ ಹಿಡಿದು ನಿಂತನಂತೆ. ಅವರು ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದರಂತೆ. ಅನುಸೂಯಾ ನನಗೆ ಕೈಮುಗಿದು, “ಅಪೀಲೂ ಬೇಡ, ಏನೂ ಬೇಡ. ಮಗಳನ್ನ ಸ್ಕೂಲಿಗೆ ಬಿಡೋಕೇ ಹೆದರಿಕೆ ಆಗುತ್ತೆ” ಎಂದರು. ನಿಮ್ಮ ಸುತ್ತಿಗೆ ಒಮ್ಮೆ ಬಿದ್ದದ್ದು, ಅದರ ಸದ್ದು ಇನ್ನೂ ಊರಿಂದೂರಿಗೆ ಹೋಗುತ್ತಲೇ ಇದೆ.

ನನ್ನ ಬೇಡಿಕೆ ದೊಡ್ಡದಲ್ಲ. ನಿಮಗೆ ಪರಿಚಯವಿಲ್ಲದ, ನಮಗೂ ಪರಿಚಯವಿಲ್ಲದ, ಪ್ರಮಾಣಿತ ಅನುವಾದಕರೊಬ್ಬರನ್ನು ನೀವೇ ಗೊತ್ತುಮಾಡಿ. ವಿಡಿಯೋದ ನಿಜವಾದ ಅನುವಾದವನ್ನು ಪಕ್ಷದ ಹೆಸರಿನಲ್ಲಿ ಪ್ರಕಟಿಸಿ. ರಾಜ್ಯ ಸಮಾವೇಶಕ್ಕೆ ಮುಂಚೆ ನಮ್ಮ ಅಪೀಲನ್ನು ಬಾಗಿಲು ತೆರೆದಿಟ್ಟು ಕೇಳಿ. ನಮ್ಮ ಕುರ್ಚಿಗಳನ್ನು ಕೊಡದಿದ್ದರೂ ಸರಿ, ಅಂಕಲ್ ಅವರ ಠರಾವನ್ನು ಹೂಸ್ಟನ್‌ಗೆ ಕಳಿಸಿ. ಮತ್ತೊಂದು ಹಿಮದ ವಾರ ಬರುವುದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಕಾಗಿಲ್ಲ.

ನಿನ್ನೆ ಲಕ್ಷ್ಮೀನಾರಾಯಣ ಅಂಕಲ್ ಫೋನ್ ಮಾಡಿದ್ದರು. ಈ ಪತ್ರವನ್ನು ಅಚ್ಚು ಹಾಕಿಸಬೇಡ ಎಂದು ಬಹಳ ಹೊತ್ತು ಕೇಳಿಕೊಂಡರು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಅವರು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು.

ಇಂತಿ,
ನಿಮ್ಮ ಪಕ್ಷಕ್ಕೇ ಮತ ಹಾಕಿ, ಈಗ ಯಾರ ಪ್ರತಿನಿಧಿಯೂ ಅಲ್ಲದ,
ಸಿದ್ಧಾರೂಢ
ಸೀಡರ್ ಪಾರ್ಕ್