ನೀಲಿ ಅಂಚಿನ ಬೆಡ್‌ಶೀಟ್

ಸಾನ್ ಹೆರೋನಿಮೊ, ಸೋಮವಾರ

ಪ್ರೀತಿಯ ರೆಮೆಡಿಯೋಸ್ ಚಿಕ್ಕಮ್ಮ,

ನನ್ನ ಮದುವೆಗೆ ಬಿಯರ್ ಏಜೆಂಟರು ಬಾಡಿಗೆಯಿಲ್ಲದೆ ಕುರ್ಚಿ ಕೊಟ್ಟಿದ್ದಾರೆ. ಒರಗುವ ಕಡೆಯೆಲ್ಲ ಬಿಯರಿನ ಹೆಸರು. ಪಾದ್ರಿಗಳ ಕಣ್ಣಿಗೆ ಅದು ಬೀಳಬಾರದೆಂದು ಅಮ್ಮ ಬೀದಿಯ ಮನೆಮನೆಯಿಂದ ಬಿಳಿ ಬೆಡ್‌ಶೀಟ್ ಕೇಳಿ ತಂದಳು. ಅವನ್ನು ಕತ್ತರಿಸಿ ಕವರ್ ಹೊಲಿಯುತ್ತಿದ್ದೇನೆ.

ನನ್ನನ್ನು ಮದುವೆಯಾಗಲಿರುವ ಎವಾರಿಸ್ತೊ ಬಂದು ಮೊದಲ ಕವರ್ ಹಾಕಿದ ಕುರ್ಚಿಯ ಮೇಲೆ ಕೂತು ನೋಡಿದ. "ಕೈಕೆಲಸ ಚೆನ್ನಾಗಿದೆ. ಮದ್ವೆ ಆದ್ಮೇಲೆ ಔಷಧಿ ಅಂಗಡಿ ಕೆಲ್ಸ ಬಿಟ್ಟು ಮನೇಲೇ ಹೊಲ್ಕೊಂಡು ಇರ್ಲಿ" ಎಂದು ಅಮ್ಮನಿಗೆ ಹೇಳಿದ. ಅಮ್ಮ ಅವನಿಗೆ ಇನ್ನೊಂದು ಲೋಟ ದಾಸವಾಳದ ಪಾನಕ ಕೊಟ್ಟಳು.

ಅವನು ಹೋದ ಮೇಲೆ, ಈ ಮದುವೆ ಬೇಡ ಎಂದೆ. "ಊರವರ ಬೆಡ್‌ಶೀಟಿಗೆಲ್ಲ ಕತ್ತರಿ ಹಾಕಿ ಆಯ್ತಲ್ಲೇ. ಈಗ ಬೇಡ ಅಂದ್ರೆ ಯಾವ ಮುಖ ಇಟ್ಕೊಂಡು ಓಡಾಡ್ಲಿ?" ಎಂದಳು. ನಾನು ಮತ್ತೆ ಹೊಲಿಯಲು ಕೂತೆ.

ನಿನ್ನೂರಿಂದ ನೀನು ಕೊಟ್ಟುಕಳಿಸಿದ ಬೆಡ್‌ಶೀಟಿಗೆ ಮಾತ್ರ ಕತ್ತರಿ ಹಾಕಿಲ್ಲ. ನೀಲಿ ಅಂಚು ಕವರಿಗೆ ಒಪ್ಪುವುದಿಲ್ಲ ಎಂದು ಅಮ್ಮನನ್ನು ನಂಬಿಸಿದ್ದೇನೆ. ಗುರುವಾರ ನೀನೇ ಬಂದು ಅದನ್ನು ವಾಪಸ್ ಕೇಳು. ಗಂಟು ಕಟ್ಟಿಟ್ಟಿದ್ದೇನೆ; ಒಳಗೆ ನನ್ನ ಬಟ್ಟೆಗಳಿವೆ, ಬಿಚ್ಚಬೇಡ. ಎತ್ತಿ ನೋಡಿ, ಭಾರ ಎಂದು ಗೊಣಗು, ಸಾಕು. ಬಸ್ಸಿನವರೆಗೆ ಹೊತ್ತುಕೊಂಡು ಬರಲು ಅಮ್ಮ ನನ್ನನ್ನೇ ಕಳಿಸುತ್ತಾಳೆ.

ಇಂತಿ ನಿನ್ನ,
ಒಬ್ದುಲಿಯಾ