ಅಕ್ಷರಗಳು ಇದ್ದ ಜಾಗ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದೂ ಬೀರು ಸೇರಿತೋ? ಭಾವನವರ ಕೆಮ್ಮು ಇಳಿದಿರಬೇಕು. ನಾನು ಹೇಗೋ ಇದ್ದೇನೆ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಅಮ್ಮ ಕರೆಯುತ್ತಾಳೆ, ಅದಕ್ಕೇ ಈ ಕಾಗದ. ಲಕ್ವ ಹೊಡೆದ ಅವಳ ಬಲಗೈ ಇನ್ನೂ ಏಳುತ್ತಿಲ್ಲ. ಮಾತು ಬಾಯಲ್ಲೇ ಕಲಸಿಹೋಗುತ್ತದೆ. ತಲೆ ಮಾತ್ರ ಚುರುಕಾಗಿದೆ, ಕಷ್ಟವೂ ಅದೇ. ಹೇಳಿದ್ದು ನನಗೆ ತಿಳಿಯದಿದ್ದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾಳೆ.

ನೀನು ಕಳಿಸಿದ ಟ್ಯಾಬ್ ಬಂತು. ನೀರು ಬೇಕಾದರೆ ಲೋಟದ ಚಿತ್ರ ಒತ್ತಬೇಕಂತೆ. ಮುಂದಿನ ಕೋಣೆಯಲ್ಲಿ ಕೂತು ಕಂಡವರ ಅರ್ಜಿ, ಕರಾರುಪತ್ರ, ಪ್ರಬಂಧಗಳನ್ನೆಲ್ಲ ಟೈಪ್ ಮಾಡಿ ನಮ್ಮಿಬ್ಬರನ್ನು ಸಾಕಿದವಳಿಗೆ ಲೋಟದ ಚಿತ್ರ. ಒಂದು ಸಲ ನೋಡಿ ಪಕ್ಕಕ್ಕೆ ಸರಿಸಿದಳು. ಸರಿ, ನನ್ನ ಲ್ಯಾಪ್‌ಟಾಪನ್ನೇ ಮುಂದಿಟ್ಟೆ. ಎಡಗೈ ಬೆರಳುಗಳು ತಾವಾಗಿಯೇ ಓಡಿದವು, ಆದರೆ ಪರದೆಯ ಮೇಲೆ ಮೂಡಿದ್ದೆಲ್ಲ ಅರ್ಥವಿಲ್ಲದ ಅಕ್ಷರಗಳು. ಅವಳು ಕಲಿತ ಹಳೆಯ ತಂತ್ರಾಂಶದಲ್ಲಿ 'ಕ' ಇದ್ದ ಕೀಲಿಯಲ್ಲಿ ಈಗ ಬೇರೇನೋ ಕೂತಿದೆ. ಅವತ್ತು ಅಮ್ಮ ಅತ್ತಳು, ಅಕ್ಕಾ. ನಿನಗೆ ಹೇಳಿರಲಿಲ್ಲ.

ಅವಳ ಹಳೆಯ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿಗೆ ಹೋದೆ. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ. ಬೋರ್ಡೇ ಹೋಗಿದೆ ಎಂದರು ಅಂಗಡಿಯವರು. ನಾನು ಸ್ಟೂಲಿನ ಮೇಲೆ ಕುಸಿದು ಕೂತದ್ದು ನೋಡಿ ಪಾಪ ಅನ್ನಿಸಿತೋ ಏನೋ, "ಎಮ್ಯುಲೇಟರ್ ಅಂತ ಇದೆ ಮೇಡಂ. ಅದನ್ನ ಹಾಕಿದ್ರೆ ನಿಮ್ಮ ಹೊಸ ಕಂಪ್ಯೂಟರು ಹಳೇದರ ಥರಾನೇ ನಡ್ಕೊಳ್ಳುತ್ತೆ" ಎಂದರು. ಹಾರ್ಡ್ ಡಿಸ್ಕ್ ಬದುಕಿತ್ತು. ಅದರಲ್ಲಿದ್ದ ತಂತ್ರಾಂಶವನ್ನು ತೆಗೆದು ಲ್ಯಾಪ್‌ಟಾಪಿಗೆ ತುಂಬಿಕೊಟ್ಟರು. ಈಗ ನನ್ನ ಪರದೆಯ ನಡುವೆ ಒಂದು ಚೌಕ, ಅದರೊಳಗೆ ಅಮ್ಮನ ಆ ನೀಲಿ ಪರದೆ. ಆದರೆ ಅದಕ್ಕೆ ಎಲ್ಲಿಲ್ಲದ ಅವಸರ. ಅಮ್ಮ ಒಂದಕ್ಷರ ಒತ್ತಿದರೆ ಸಾಲಿಡೀ ಅದೇ ಅಕ್ಷರ. ವೇಗ ಇಳಿಸುವುದೆಲ್ಲಿ ಎಂದು ಹುಡುಕುವಷ್ಟರಲ್ಲಿ ಹಾಲು ಉಕ್ಕಿತು, ಆಫೀಸಿನ ಮೀಟಿಂಗು ತಪ್ಪಿತು, ಹೈರಾಣಾದೆ.

ಅಂತೂ ಹದಕ್ಕೆ ಬಂತು. ಒಂದೇ ಕೈಯಲ್ಲಿ, ಕೀಲಿಗಳ ಕಡೆ ನೋಡದೆ ಅವಳು ಮೊದಲು ಟೈಪ್ ಮಾಡಿದ್ದೇನು ಗೊತ್ತೇ? "ಫ್ಯಾನ್ ಕಿರುಗುಟ್ಟುತ್ತಿದೆ. ಎಣ್ಣೆ ಬಿಡಿಸು." ಪಾಪ, ಇಷ್ಟು ದಿನ ಅದನ್ನು ಕೇಳಿಕೊಂಡೇ ಮಲಗಿದ್ದಳು. ನಾನು ನಕ್ಕೆ. ಅವಳೂ ನಕ್ಕಳು, ಬಾಯಿ ಒಂದೇ ಕಡೆ ಏರಿತು. ಆಮೇಲೆ ದಿಂಬು ಗಟ್ಟಿ, ವ್ಯಾಯಾಮ ಮಾಡಿಸುವವನ ಕೈ ತಣ್ಣಗೆ, ಮೊದಲು ತಲೆ ಬಾಚಿಕೋ ಎಂಬ ಬೈಗುಳವೆಲ್ಲ ವಾಪಸ್ ಬಂದಿದೆ.

ಇನ್ನೇನೂ ವಿಶೇಷವಿಲ್ಲ. ಭಾವನವರಿಗೆ ನನ್ನ ನಮಸ್ಕಾರ ಹೇಳು, ಮಗುವಿನ ಎರಡೂ ಕೆನ್ನೆಗೆ ಮುತ್ತು.

ನಿನ್ನ ತಂಗಿ,
ಕುಳ್ಳಿ

ತಾ.ಕ.: ಕವರಿಗೆ ಹಾಕುವ ಮುಂಚೆ ಅಮ್ಮ ಕಾಗದ ಕೇಳಿ ತೆಗೆದುಕೊಂಡು ಓದಿದಳು. ಆಮೇಲೆ ಲ್ಯಾಪ್‌ಟಾಪ್ ಎಳೆದುಕೊಂಡು ಟೈಪ್ ಮಾಡಿದಳು: "ಮುಖ್ಯವಾದದ್ದೇ ಬರೆದಿಲ್ಲ. ನಿನಗೆ ಸಾಕಾಗಿದೆ ಅಂತ ಬರಿ." ನನಗೇನಾಗಿದೆ ಬಿಡಮ್ಮ ಎಂದೆ. ಇನ್ನೊಂದು ಸಾಲು ಹೊಡೆದಳು: "ನನಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ. ನೀನು ಬಚ್ಚಲಲ್ಲಿ ಅಳೋದು ಕೇಳಿಸುತ್ತೆ." ಅಕ್ಕಾ, ನನಗೆ ಸಾಕಾಗಿದೆ. ಸ್ವಲ್ಪ ದಿನದ ಮಟ್ಟಿಗಾದರೂ ಬಾ.